ಪತ್ರ ಬರೆದಾಗ ಗಂಟೆ ಎಷ್ಟಾಗಿತ್ತು?

ಅಕ್ಕಾ ಅಂತ ಕರೆದು ಕೇಳಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೀತೀನಿ ತಮ್ಮಾ. ಬಂದು ನಾಲ್ಕು ತಿಂಗಳಾಯ್ತು, ಭಾನುವಾರ ಪೂಜೆಯಲ್ಲಿ ಬಾಯಿ ಆಮೆನ್ ಅನ್ನುತ್ತೆ, ಮನಸ್ಸು ಅನ್ನಲ್ಲ, ಕೆಲಸ ಬಿಟ್ಟು ವಾಪಸ್ ಹೋಗಿಬಿಡ್ಲಾ, ಇಷ್ಟು ವರ್ಷ ಹೊರದೇಶದಲ್ಲಿದ್ದು ನೀವು ವಿಶ್ವಾಸ ಹೇಗೆ ಉಳಿಸಿಕೊಂಡ್ರಿ ಅಂತ ನಿನ್ನ ಪ್ರಶ್ನೆ. ಮನೆ, ಬ್ಯಾಂಕು, ವೀಸಾ ಎಲ್ಲ ಹೇಗೋ ದಾರಿಗೆ ಬರುತ್ತೆ, ಅದನ್ನ ಹೇಳಿಕೊಡೋರು ಬೇಕಾದಷ್ಟು ಜನ ಇದ್ದಾರೆ. ನೀನು ಕೊನೆಯಲ್ಲಿ ಕೇಳಿದ್ದಕ್ಕೆ ಮಾತ್ರ ನನ್ನ ಉತ್ತರ.

ನಾನಾಗಿ ಉಳಿಸಿಕೊಂಡಿದ್ದು ಏನೂ ಇಲ್ಲ. ಉಳಿಸಿಕೊಟ್ಟವರು ಯೇಸುಸಭೆ ಅನ್ನೋ ಕಥೋಲಿಕ ಸಂಘದ ಗುರುಗಳು, ಎಲ್ಲರೂ ಜೆಸುಯಿಟ್ ಅಂತಾರಲ್ಲ, ಅವರು.

ಮೊದಲ ವರ್ಷ ನನ್ನ ಕಥೆಯೂ ಇದೇ. ಪೂಜೆ ಮುಗಿದು ಎಲ್ಲರೂ ಹೋದಮೇಲೂ ಕೊನೇ ಬೆಂಚಲ್ಲಿ ಕೂತಿರ್ತಿದ್ದೆ. ಭಕ್ತಿಯಿಂದಲ್ಲ, ಬಾಡಿಗೆ ಕೋಣೆಗೆ ಹೋಗೋಕೆ ಕಾಲು ಬರದೆ. ಒಂದು ಸಂಜೆ ವಯಸ್ಸಾದ ಫಾದರ್ ಒಬ್ಬರು ಮೇಣದಬತ್ತಿಗಳನ್ನ ಆರಿಸಿ ಬಂದು ಪಕ್ಕದಲ್ಲಿ ಕೂತರು. ರಾಜೀನಾಮೆ ಬರೆದಿಟ್ಟಿದ್ದೀನಿ, ನಾಳೆ ಕಳಿಸ್ತೀನಿ ಅಂದೆ. ಅವರು ಬುದ್ಧಿ ಹೇಳಲಿಲ್ಲ. "ಬರೆದಾಗ ಗಂಟೆ ಎಷ್ಟಾಗಿತ್ತು?" ಅಂತ ಕೇಳಿದರು. ಫೋನ್ ತೆಗೆದು ನೋಡಿದೆ. ರಾತ್ರಿ ಎರಡೂ ಮುಕ್ಕಾಲು. ಅವರು ನಕ್ಕರು, ನನಗೂ ನಗು ಬಂತು. ಎಷ್ಟೋ ವಾರಗಳ ಮೇಲೆ ಬಂದ ನಗು ಅದು.

ಆಮೇಲೆ ಅವರು, ಯೇಸುಸಭೆಯನ್ನ ಕಟ್ಟಿದ ಸಂತ ಇಗ್ನೇಷಿಯಸ್ ಹಾಕಿಕೊಟ್ಟ ನಿಯಮ ಒಂದನ್ನ ಹೇಳಿದರು. ಮನಸ್ಸು ಬರಿದಾಗಿ ದೇವರು ದೂರ ಅನ್ನಿಸೋ ಹೊತ್ತಲ್ಲಿ ನಿರ್ಧಾರ ಬದಲಾಯಿಸಬಾರದು. ನೆಮ್ಮದಿಯಿದ್ದಾಗ ಏನು ತೀರ್ಮಾನ ಮಾಡಿದ್ವೋ ಅದನ್ನೇ ಹಿಡಿದಿರಬೇಕು. ಇದು ಸುಮ್ಮನೆ ಹೊಸೆದ ಬುದ್ಧಿಮಾತಲ್ಲ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದಾಗ ಇಗ್ನೇಷಿಯಸ್ ಸಂತರೇನೂ ಆಗಿರಲಿಲ್ಲ, ಕೀರ್ತಿಗೆ ಹಾತೊರೀತಿದ್ದ ಯೋಧ. ಹಾಸಿಗೆ ಹಿಡಿದವರು ಓದೋಕೆ ವೀರರ ಕಥೆ ಕೇಳಿದರೆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಜೀವನ, ಸಂತರ ಚರಿತ್ರೆ. ಅಲ್ಲೇ ಮಲಗಿ ಒಂದು ವಿಷಯ ಗಮನಿಸಿದರು: ಕತ್ತಿ, ದರ್ಬಾರಿನ ಕನಸು ಕಾಣುವಾಗ ಖುಷಿ, ಮುಗಿದಮೇಲೆ ಎಲ್ಲ ಒಣ ಒಣ. ಸಂತರ ಹಾಗೆ ಬದುಕೋದನ್ನ ನೆನೆಸಿಕೊಂಡರೆ ಆ ಸಂತೋಷ ಆಮೇಲೂ ಉಳೀತಿತ್ತು. ಮುಂದೆ ಅವರು ಕಲಿಸಿದ್ದಕ್ಕೆಲ್ಲ ಇದೇ ಬೇರು.

ಹಾಗಂತ ಹಲ್ಲು ಕಚ್ಚಿ ಸಹಿಸಿಕೋ ಅಂತ ಅರ್ಥ ಅಲ್ಲ. ಸಂಬಳ ಕೊಡದೆ ಸತಾಯಿಸ್ತಿದ್ರೆ, ಅವಮಾನ ಮಾಡ್ತಿದ್ರೆ ಅದು ಬೇರೆ ಲೆಕ್ಕ. ನಾನೂ ಎರಡು ವರ್ಷದ ಮೇಲೆ ಆ ಕೆಲಸ ಬಿಟ್ಟೆ. ಆದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದ ಒಂದು ಬೆಳಗ್ಗೆ ಬಿಟ್ಟೆ. ನಿಯಮಕ್ಕೆ ಇನ್ನೊಂದು ಅರ್ಧವೂ ಇದೆ: ನಿರ್ಧಾರ ಬದಲಾಯಿಸಬೇಡ, ನಿನ್ನನ್ನ ಬದಲಾಯಿಸಿಕೋ. ಒಂದು ಗಂಟೆ ಧ್ಯಾನಕ್ಕೆ ಕೂತವನಿಗೆ ಬೇಸರ ಬಂದ್ರೆ, ಒಂದು ಗಂಟೆಗಿಂತ ತುಸು ಹೆಚ್ಚೇ ಕೂರಬೇಕಂತೆ. ನನ್ನಂಥ ಹಠಮಾರಿಗೆ ಹೇಳಿ ಮಾಡಿಸಿದ ಹಾಗಿತ್ತು.

ದಿನಾ ರಾತ್ರಿ ಮಾಡೋ ಆತ್ಮಪರಿಶೀಲನೆಯನ್ನೂ ಅವರೇ ಕಲಿಸಿದ್ದು. ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದಿದ್ದು ಪಾಪನಿವೇದನೆಗೆ ಮುಂಚೆ ಬೆರಳು ಮಡಚಿ ತಪ್ಪು ಎಣಿಸೋದು. ಇದರಲ್ಲಿ ಮೊದಲ ಹೆಜ್ಜೆ ತಪ್ಪಿನದಲ್ಲ, ಕೃತಜ್ಞತೆಯದು. ತಪ್ಪು, ಕ್ಷಮೆ, ನಾಳೆಯ ಸಂಕಲ್ಪ ಎಲ್ಲ ಆಮೇಲೆ. ಮೊದಲ ರಾತ್ರಿ ಏನು ಬರೆಯೋದು ಅಂತ ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ ಬರೆದಿದ್ದು ಒಂದೇ ಸಾಲು: "ನಾನು ಓಡಿ ಬರೋದನ್ನ ನೋಡಿ ಡ್ರೈವರ್ ಬಸ್ ನಿಲ್ಲಿಸಿಕೊಂಡಿದ್ದ." ಆ ನೋಟ್‌ಬುಕ್ ಈಗಲೂ ಇದೆ. ಮೊದಲ ತಿಂಗಳ ಪುಟಗಳಲ್ಲಿ ಮೂರು ಸಲ ಬಸ್ಸೇ ಬಂದಿದೆ.

ಆಮೇಲೆ ಭಾಷೆ. ನಿನ್ನ ಆಮೆನ್ ಕಷ್ಟ ನನಗೆ ಚೆನ್ನಾಗಿ ಗೊತ್ತು. ಇಂಗ್ಲಿಷಲ್ಲಿ ದೇವರ ಹತ್ತಿರ ಮಾತಾಡೋದು ಇಂಟರ್‌ವ್ಯೂಗೆ ಕೂತ ಹಾಗೆ ಆಗ್ತಿತ್ತು. ಫಾದರ್‌ಗೆ ಹೇಳಿದೆ. ಧ್ಯಾನದ ಕೊನೆಗೆ ಗೆಳೆಯನ ಹತ್ತಿರ ಗೆಳೆಯ ಮಾತಾಡೋ ಹಾಗೆ ಮಾತಾಡು ಅಂತ ಇಗ್ನೇಷಿಯಸ್ಸೇ ಹೇಳಿದ್ದಾರೆ, ಗೆಳತಿಯರ ಹತ್ತಿರ ನೀನು ಯಾವ ಭಾಷೆ ಆಡ್ತೀಯ ಅಂದರು. ಅವತ್ತು ಕೋಣೆ ಬಾಗಿಲು ಹಾಕಿ ಕನ್ನಡದಲ್ಲಿ ಜಗಳ ಆಡಿದೆ. ಪ್ರಾರ್ಥನೆ ಅನ್ನೋಕೆ ಆಗಲ್ಲ, ಜಗಳವೇ. ಆದರೆ ಬಾಯಿ, ಮನಸ್ಸು ಎರಡೂ ಒಂದೇ ಕಡೆ ಇದ್ದವು.

ಹೊರಗೆ ಬಂದವರಿಗೆ ಯೇಸುಸಭೆಯವರ ಪ್ರಾರ್ಥನೆ ಇಷ್ಟು ಒಗ್ಗೋದಕ್ಕೆ ಕಾರಣ ಇದೆ ಅಂತ ನನಗನ್ನಿಸುತ್ತೆ. 1540ರಲ್ಲಿ ಪೋಪ್ ಮೂರನೇ ಪೌಲರಿಂದ ಒಪ್ಪಿಗೆ ಪಡೆದ ಈ ಸಭೆ, ಮಠದಲ್ಲಿ ಹೊತ್ತು ಹೊತ್ತಿಗೆ ಒಟ್ಟಾಗಿ ಹಾಡಿ ಪ್ರಾರ್ಥಿಸೋ ಕಟ್ಟುಪಾಡು ಇಟ್ಟುಕೊಳ್ಳಲಿಲ್ಲ. ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೊರಡೋರು ಅವರು. ಈ ಸಭೆಯ ಮೊದಲಿಗರಲ್ಲಿ ಒಬ್ಬರಾದ ಸಂತ ಫ್ರಾನ್ಸಿಸ್ ಕ್ಸೇವಿಯರ್ 1541ರಲ್ಲಿ ಲಿಸ್ಬನ್ ಬಿಟ್ಟವರು ಗೋವಾ ಮುಟ್ಟಿದ್ದು 1542ರಲ್ಲಿ. ಮತ್ತೆ ಯೂರೋಪ್ ನೋಡಲೇ ಇಲ್ಲ. 1552ರಲ್ಲಿ ಚೀನಾ ಕರಾವಳಿಯ ಒಂದು ದ್ವೀಪದಲ್ಲಿ ತೀರಿಕೊಂಡರು. ಆ ಮನುಷ್ಯ ಗೆಳೆಯರ ಕಾಗದಗಳಿಂದ ಅವರ ಸಹಿಗಳನ್ನ ಕತ್ತರಿಸಿ ಸದಾ ತನ್ನ ಜೊತೆಗೇ ಇಟ್ಟುಕೊಂಡಿರ್ತಿದ್ದರಂತೆ. ಇದನ್ನ ಕೇಳಿದ ದಿನ ಸಮಾಧಾನ ಆಯ್ತು. ಅಮ್ಮನ ಹಳೇ ವಾಯ್ಸ್ ಮೆಸೇಜನ್ನ ದಿನಕ್ಕೆರಡು ಸಲ ಕೇಳ್ತೀನಲ್ಲ, ವಿಶ್ವಾಸ ಕಮ್ಮಿಯಾಗಿದ್ದಕ್ಕೇ ಹೀಗೆ ಅಂತ ನನ್ನ ಮೇಲೆ ನನಗೇ ಬೇಜಾರಿತ್ತು.

ಆ ಫಾದರ್ ಈಗಿಲ್ಲ. ಪೂಜೆಯಲ್ಲಿ ಮೃತರನ್ನ ನೆನೆಯೋ ಹೊತ್ತಿಗೆ ಅಪ್ಪನ ಹೆಸರಾದ ಮೇಲೆ ಅವರ ಹೆಸರು ಹೇಳ್ತೀನಿ.

ಅಂದಹಾಗೆ, ನಿನ್ನ ಪ್ರಶ್ನೆ ನನಗೆ ಬಂದಿದ್ದು ರಾತ್ರಿ ಒಂದೂವರೆಗೆ. ನಾಳೆ ತಿಂಡಿ ಆದಮೇಲೆ ಅದನ್ನ ಇನ್ನೊಂದು ಸಲ ಓದು, ಆಮೇಲೆ ನನಗೆ ಬರಿ.