ಬಿಲ್ಲಿಂಗ್ ಮಷಿನ್ ಒಂದೇ ಡಬ್ಬಿಯಲ್ಲಿ ಇರಬೇಕಾ, ಬಿಡಿಬಿಡಿಯಾಗಿ ಇರಬೇಕಾ?

ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಮಷಿನ್ ಡಿಸೈನ್ ಮಾಡುತ್ತಿದ್ದೇನೆ, ಪ್ರಿಂಟರ್, ಸ್ಕ್ರೀನ್, ತಕ್ಕಡಿ ಎಲ್ಲ ಒಟ್ಟಿಗೆ ಇಡಲಾ, ಬೇರೆ ಮಾಡಲಾ ಅಂತ ಕೇಳಿದ್ದೀರಿ. ಬೇರೆ ಮಾಡಿ. ಆದರೆ ಯಾವುದನ್ನು ಬೇರೆ ಮಾಡಬೇಕು ಅನ್ನೋದೇ ಮುಖ್ಯ.

ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ. ನಮ್ಮ ಮೊದಲ ಮಷಿನ್‌ನಲ್ಲಿ ಪ್ರಿಂಟರ್ ಮೇನ್ ಬೋರ್ಡ್ ಮೇಲೇ ಇತ್ತು. ವಿಜಯಪುರದ ಒಂದು ಅಂಗಡಿಯಲ್ಲಿ ಪೇಪರ್ ಎಳೆಯುವ ರಬ್ಬರ್ ರೋಲರ್ ಸವೆದುಹೋಯಿತು. ಅಷ್ಟಕ್ಕೇ ಇಡೀ ಮಷಿನ್ ಬಸ್ಸಿಗೆ ಹಾಕಿ ಇಲ್ಲಿಗೆ ಕಳಿಸಿದರು. ಪಂಚಮಿ ಹಬ್ಬ ಬೇರೆ ಹತ್ತಿರ ಬಂದಿತ್ತು, ಉಂಡಿ ಕಟ್ಟಲು ಬೆಲ್ಲ, ಶೇಂಗಾ, ಎಳ್ಳು ಒಯ್ಯುವವರು ಸಾಲುಗಟ್ಟಿ ನಿಂತಿದ್ದರೆ ಪಾಪ ಅವರು ನಾಲ್ಕು ದಿನ ಕೈಯಲ್ಲೇ ಬಿಲ್ ಬರೆದರು. ಯಾವುದು ಮೊದಲು ಸವೆಯುತ್ತದೋ ಅದನ್ನು ಅಂಗಡಿಯವರೇ ಸ್ಕ್ರೂಡ್ರೈವರ್ ಇಲ್ಲದೆ ತೆಗೆದು ಹಾಕುವಂತಿರಬೇಕು.

ಪ್ರಿಂಟರ್‌ಗೆ ಕರೆಂಟ್ ಲೈನ್ ಕೂಡ ಬೇರೆ ಕೊಡಿ. ಇವು ಥರ್ಮಲ್ ಪ್ರಿಂಟರ್, ಅಂದರೆ ಸಣ್ಣ ಚುಕ್ಕೆಗಳನ್ನು ಬಿಸಿ ಮಾಡಿ ಪೇಪರ್ ಮೇಲೆ ಅಚ್ಚು ಮಾಡುತ್ತವೆ. 58 ಎಂಎಂ ಪೇಪರ್‌ನಲ್ಲಿ ಸಾಮಾನ್ಯವಾಗಿ ಅಚ್ಚಾಗುವುದು 48 ಎಂಎಂ. ಮಿಲಿಮೀಟರ್‌ಗೆ 8 ಚುಕ್ಕೆಯಂತೆ ಸಾಲಿಗೆ 384 ಚುಕ್ಕೆ. ಬರೀ ಅಕ್ಷರ ಇದ್ದಾಗ ಏನೂ ಆಗಲ್ಲ, ಮೇಲೆ ಅಂಗಡಿಯ ದಪ್ಪ ಕಪ್ಪು ಲೋಗೊ ಬಂತು ಅಂದರೆ ಅಷ್ಟೂ ಚುಕ್ಕೆ ಒಂದೇ ಸಲ ಬಿಸಿಯಾಗುತ್ತವೆ, ವೋಲ್ಟೇಜ್ ಕುಸಿದು ಪ್ರೊಸೆಸರ್ ರೀಸ್ಟಾರ್ಟ್ ಆಗುತ್ತದೆ. ನಾವು ಇದನ್ನು ಸಾಫ್ಟ್‌ವೇರ್ ತಪ್ಪು ಅಂತ ಸುಮ್ನೆ ವಾರಗಟ್ಟಲೆ ಹುಡುಕಿದೆವು. ಪ್ರಿಂಟರ್ ಪಕ್ಕದಲ್ಲೇ ಕರೆಂಟ್ ಕೂಡಿಟ್ಟು ಬೇಕಾದಾಗ ಕೊಡುವ ದೊಡ್ಡ ಕೆಪಾಸಿಟರ್ ಇಡಿ, ಒಂದೊಂದು ಸಾಲನ್ನೂ ಎರಡು ಮೂರು ಭಾಗ ಮಾಡಿ ಪ್ರಿಂಟ್ ಮಾಡಿಸಿ.

ಕನ್ನಡ ಬಿಲ್ ಬೇಕೇ ಬೇಕು ಅಲ್ವಾ? ಅಗ್ಗದ ಪ್ರಿಂಟರ್‌ಗಳಿಗೆ ಒತ್ತಕ್ಷರ ಕೂಡಿಸಲು ಬರಲ್ಲ, ‘ಗುಳೇದಗುಡ್ಡ ಖಣ’ ಅಂತ ಕಳಿಸಿದರೆ ಏನೇನೋ ಬರುತ್ತದೆ. ಮೇನ್ ಬೋರ್ಡ್‌ನಲ್ಲೇ ಅಕ್ಷರ ಜೋಡಿಸಿ, ಚಿತ್ರವಾಗಿ ಕಳಿಸಿ. ಆಗ ಎಂಟು ಚುಕ್ಕೆಗೆ ಒಂದು ಬೈಟ್‌ನಂತೆ ಚುಕ್ಕೆಗಳ ಒಂದು ಸಾಲಿಗೆ 48 ಬೈಟ್. ಪ್ರಿಂಟರ್ ಮಾಡ್ಯೂಲನ್ನು 9600 ಬಾಡ್ ಸೀರಿಯಲ್‌ನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 960 ಬೈಟ್ ಸಾಗಿಸುವ ಹಳೇ ಮಾದರಿಯ ಲೈನ್‌ನಲ್ಲಿ ಜೋಡಿಸಿದರೆ 10 ಸೆಂಟಿಮೀಟರ್ ಬಿಲ್‌ಗೆ, ಅಂದರೆ ಅಂಥ 800 ಸಾಲಿಗೆ, ಸುಮಾರು 40 ಸೆಕೆಂಡ್ ಬೇಕು! ಗಿರಾಕಿ ಅಷ್ಟೊತ್ತು ನಿಲ್ಲಲ್ಲ. ಯುಎಸ್‌ಬಿ ಹಾಕಿ.

ತಕ್ಕಡಿಯನ್ನಂತೂ ಒಳಗೆ ಸೇರಿಸಲೇಬೇಡಿ. ಅದಕ್ಕೆ ತೂಕ-ಅಳತೆ ಇಲಾಖೆಯ ಸೀಲ್ ಇರುತ್ತದೆ, ಬೇರೆ ಯಾವುದೋ ರಿಪೇರಿಗೆ ಡಬ್ಬಿ ಬಿಚ್ಚಿದರೂ ಸೀಲ್ ಒಡೆಯುತ್ತದೆ. ಕಾರ್ಡ್ ರೀಡರ್ ಕೂಡ ಹಾಗೇ, ಬಿಚ್ಚಿದರೆ ಕಾರ್ಡ್ ಮಾಹಿತಿ ಕಾಪಾಡುವ ಒಳಗಿನ ಗುಪ್ತ ಸಂಕೇತಗಳು (ಕೀ) ಅಳಿಸಿಹೋಗುತ್ತವೆ.

ಇನ್ನೊಂದು, ಲಾಕ್ ಆಗುವ ಕನೆಕ್ಟರ್ ಬಳಸಿ, ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ದಿನಾ ಬೆಳಿಗ್ಗೆ ಗಲ್ಲಾಪೆಟ್ಟಿಗೆ ಪೂಜೆಗೆ ಮುಂಚೆ ಮಷಿನ್ ಎಳೆದು ಧೂಳು ಒರೆಸುತ್ತಾರೆ, ವಯರ್ ಸಡಿಲಾಗುವುದು ಆಗಲೇ.