ಸ್ಪೋರ್ಟ್ಸ್ ಕಾರುಗಳೆಲ್ಲ ಟರ್ಬೊ ಆದರೆ ಕಾರು ಪ್ರಿಯರಿಗೆ ಯಾಕೆ ಸಂಕಟ?

ನೀವು ಕೇಳಿದ್ದು ಎರಡು ಪ್ರಶ್ನೆ. ಪೋರ್ಷೆ, ಫೆರಾರಿ, ಬಿಎಂಡಬ್ಲ್ಯು ಎಲ್ಲರೂ ಟರ್ಬೊ ಇಂಜಿನ್ನಿಗೆ ಬಂದಾಯಿತು, ಪವರ್ ಜಾಸ್ತಿಯಾಯಿತು, ಮೈಲೇಜೂ ಸುಧಾರಿಸಿತು, ಆದರೂ ಕಾರು ಪ್ರಿಯರು ಯಾಕೆ ಇನ್ನೂ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನೋದು ಒಂದು. ನಿಮ್ಮ ಮೊದಲ ಕಾರಾಗಿ ಟರ್ಬೊ ಪೆಟ್ರೋಲ್ ತಗೊಳ್ಳಬಹುದಾ ಅನ್ನೋದು ಇನ್ನೊಂದು.

ನಾನು ಹನ್ನೊಂದು ವರ್ಷದಿಂದ ಇಂಜಿನ್ ಕ್ಯಾಲಿಬ್ರೇಷನ್, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ ಲೆಕ್ಕ ಹೊಂದಿಸುವ ಕೆಲಸದಲ್ಲಿದ್ದೇನೆ. ಎಂಟು ವರ್ಷ ಬೆಂಗಳೂರು, ಮೂರು ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಇಷ್ಟೂ ವರ್ಷ ನನಗೆ ಅನ್ನ ಹಾಕಿದ್ದು ಟರ್ಬೊ ಇಂಜಿನ್ನೇ. ಆದರೂ ಬೇಜಾರಾದವರ ಗುಂಪಿನಲ್ಲಿ ನಾನೂ ಇದ್ದೇನೆ. ಯಾಕೆ ಅಂತ ಹೇಳಬೇಕಾದರೆ ಚಾರ್ಮಾಡಿ ಘಾಟಿಯಿಂದ ಶುರು ಮಾಡಬೇಕು.

ನಮ್ಮದು ಮೂಡಿಗೆರೆ ಕಡೆ. ಸೋದರಮಾವನ ಹತ್ತಿರ 2002ರ ಹೋಂಡಾ ಸಿಟಿ ಇತ್ತು, 1.5 ಲೀಟರಿನ, ವಿಟೆಕ್ ಅನ್ನುವ ಹೋಂಡಾ ಇಂಜಿನ್ನಿನದು. ಟರ್ಬೊ ಇಲ್ಲ. ನಾನು ಲೈಸೆನ್ಸ್ ಮಾಡಿಸಿದ ಹೊಸತು. ಒಂದು ಮದುವೆ ಮುಗಿಸಿ ಉಜಿರೆಯಿಂದ ವಾಪಸ್ ಬರುವಾಗ ಚಾರ್ಮಾಡಿ ಚೆಕ್‌ಪೋಸ್ಟ್ ದಾಟಿದ ಮೇಲೆ ಮಾವ ಗಾಡಿ ನಿಲ್ಲಿಸಿ ಸ್ಟೇರಿಂಗ್ ನನ್ನ ಕೈಗೆ ಕೊಟ್ಟರು. ನಾನು ಸುಮ್ನೆ ಮೀಟರ್ ನೋಡಿಕೊಂಡು ಗೇರ್ ಬದಲಾಯಿಸುತ್ತಿದ್ದೆ. ಎರಡು ತಿರುವು ನೋಡಿದರು. ಆಮೇಲೆ ಎಸಿ ಆಫ್ ಮಾಡಿ, ನಾಲ್ಕೂ ಕಿಟಕಿ ಇಳಿಸಿ ಹೇಳಿದರು: "ಮೀಟರ್ ನೋಡಬೇಡ ಮಾರಾಯ, ಕಿವಿ ಕೊಟ್ಟು ಕೇಳು. ಗೇರ್ ಯಾವಾಗ ಹಾಕ್ಬೇಕು ಅಂತ ಇಂಜಿನ್ನೇ ಹೇಳುತ್ತೆ."

ನಿಜವಾಗಿ ಹೇಳುತ್ತಿತ್ತು. ಎರಡನೇ ಗೇರಿನಲ್ಲಿ 3 ಸಾವಿರ ಆರ್‌ಪಿಎಂವರೆಗೆ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮಾಮೂಲಿ ಗಾಡಿ. ನಾಲ್ಕು, ಐದು ಸಾವಿರ ದಾಟಿದರೆ ದನಿ ಗಡುಸಾಗಿ, ಬಂಡೆಗೆ ಬಡಿದು ವಾಪಸ್ ಕೇಳಿಸುತ್ತಿತ್ತು. ತುಳಿದಷ್ಟೇ ಕೊಡುತ್ತಿತ್ತು, ಒಂದು ಚೂರು ಹೆಚ್ಚಿಲ್ಲ, ಕಡಿಮೆಯಿಲ್ಲ. ತಿರುವಿಗೆ ಮುಂಚೆ ಸರಿಯಾದ ಗೇರಿಗೆ ಇಳಿಯದಿದ್ದರೆ ಉಸಿರು ಕಟ್ಟಿದ ಹಾಗೆ ಮಾಡುತ್ತಿತ್ತು. ಸರಿಯಾಗಿ ಇಳಿದರೆ ಏರಿನ ತುದಿವರೆಗೂ ಹಾಡಿಕೊಂಡು ಹೋಗುತ್ತಿತ್ತು. ಕೊಟ್ಟಿಗೆಹಾರ ಮುಟ್ಟುವ ಹೊತ್ತಿಗೆ ನನ್ನ ಅಂಗೈ ಒದ್ದೆ. ಅವತ್ತು ನಾನು ಡ್ರೈವಿಂಗ್ ಕಲಿತೆ.

ಟರ್ಬೊ ಏನು ಮಾಡುತ್ತೆ ಅಂತ ಒಂದು ಮಾತು ಹೇಳಿಬಿಡುತ್ತೇನೆ. ಕಮ್ಮಾರನ ಕುಲುಮೆಯಲ್ಲಿ ತಿದಿ ಇರುತ್ತಲ್ಲ, ಅದೇ. ಕೆಂಡ ಅಷ್ಟೇ ಇದ್ದರೂ ಗಾಳಿ ಒತ್ತಿದರೆ ಬೆಂಕಿ ಜೋರಾಗುತ್ತೆ. ಇಲ್ಲಿ ತಿದಿ ಒತ್ತುವುದು ಇಂಜಿನ್ ಹೊರಗೆ ಬಿಡುವ ಹೊಗೆಯೇ. ಆ ಹೊಗೆ ಒಂದು ಚಕ್ರ ತಿರುಗಿಸುತ್ತೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದರು. ತೊಂದರೆ ಏನೆಂದರೆ, ತಿದಿ ಒತ್ತೋಕೆ ಹೊಗೆ ಬೇಕು, ಹೊಗೆ ಜಾಸ್ತಿಯಾಗೋಕೆ ತಿದಿ ಒತ್ತಬೇಕು. ಈ ಸುತ್ತು ಮುಗಿಯೋವರೆಗೆ ಕಾಯಬೇಕು. ಅದೇ ಟರ್ಬೊ ಲ್ಯಾಗ್.

ಈಗ ಪೋರ್ಷೆ 911 ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1975ರಲ್ಲಿ 911 ಟರ್ಬೊ ಮಾರಾಟಕ್ಕೆ ಬಂದಾಗ 3 ಲೀಟರ್, 260 ಅಶ್ವಶಕ್ತಿ. ತುಳಿದರೆ ಮೊದಲು ಏನೂ ಆಗುತ್ತಿರಲಿಲ್ಲ, ಆಮೇಲೆ ಎಲ್ಲ ಒಟ್ಟಿಗೇ ಬರುತ್ತಿತ್ತು. ಅದು ತಿರುವಿನ ಮಧ್ಯೆ ಬಂದರೆ ಹೆದರಿ ಕಾಲು ತೆಗೆಯುವುದು ಸಹಜ. ಕಾಲು ತೆಗೆದರೆ ಹಿಂಭಾಗ ಜಾರುತ್ತಿತ್ತು, ಯಾಕೆಂದರೆ ಇಂಜಿನ್ ಇರುವುದೇ ಹಿಂದೆ. ಹೆಂಡತಿಯರನ್ನು ವಿಧವೆ ಮಾಡುವ ಕಾರು ಅಂತ ಅಡ್ಡಹೆಸರು ಬಂತು. ಆದರೂ ಜನ ಅದನ್ನು ಪ್ರೀತಿಸಿದರು. ಆ ಕಾಲದ ಹುಡುಗರು ಹಿಂಭಾಗದ ಮೇಲಿನ 'ಟರ್ಬೊ' ಅನ್ನುವ ಅಕ್ಷರ ನೋಡಿ ನಿಂತುಬಿಡುತ್ತಿದ್ದರು. ಅಂದರೆ ಕಾರು ಪ್ರಿಯರಿಗೆ ಟರ್ಬೊ ಮೇಲೆ ಹುಟ್ಟಿನಿಂದ ದ್ವೇಷವೇನೂ ಇಲ್ಲ. 1987ರ ಫೆರಾರಿ ಎಫ್40 ಕೂಡ ಅವಳಿ ಟರ್ಬೊದ್ದೇ. ಅದನ್ನು ಬೈದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಸಂಕಟ ಶುರುವಾಗಿದ್ದು ಟರ್ಬೊ ಆಯ್ಕೆಯಾಗಿದ್ದದ್ದು ಕಡ್ಡಾಯವಾದಾಗ. 2015ರಲ್ಲಿ ಪೋರ್ಷೆ ಮಾಮೂಲಿ 911 ಕರೆರಾಕ್ಕೂ ಟರ್ಬೊ ಹಾಕಿತು. ಅದೇ ವರ್ಷ ಟರ್ಬೊ ಇಲ್ಲದ ಫೆರಾರಿ 458 ಹೋಗಿ ಟರ್ಬೊ ಇರುವ 488 ಬಂತು. ಬಿಎಂಡಬ್ಲ್ಯು ಎಂ3 ಅದಕ್ಕೂ ಒಂದು ವರ್ಷ ಮುಂಚೆಯೇ, 8 ಸಾವಿರ ದಾಟಿ ತಿರುಗುತ್ತಿದ್ದ ಎಂಟು ಸಿಲಿಂಡರಿನ ವಿ8 ಇಂಜಿನ್ ಬಿಟ್ಟು, ಟರ್ಬೊಗೆ ಬಂದಿತ್ತು. ಫಾರ್ಮುಲಾ ಒನ್ ಕೂಡ 2014ರಲ್ಲಿ 1.6 ಲೀಟರಿನ ಟರ್ಬೊ ಹೈಬ್ರಿಡ್‌ಗೆ ಬದಲಾಯಿತು. ಒಂದೆರಡು ವರ್ಷದಲ್ಲಿ ಒಂದು ಇಡೀ ಜಾತಿಯ ಇಂಜಿನ್ ಕಣ್ಣೆದುರೇ ಖಾಲಿಯಾಗತೊಡಗಿತು.

ಜರ್ಮನಿಯಲ್ಲಿದ್ದಾಗ ನನಗೆ ಎರಡೂ 911 ಓಡಿಸುವ ಭಾಗ್ಯ ಸಿಕ್ಕಿತ್ತು. ಟರ್ಬೊ ಇಲ್ಲದ ಹಳೆಯದು ಜೊತೆಗೆ ಕೆಲಸ ಮಾಡುವವರದ್ದು, ಹೊಸದು ಒಂದು ದಿನದ ಬಾಡಿಗೆಗೆ ತಂದದ್ದು. ಎರಡೂ ಕರೆರಾ ಎಸ್. ಬಾಡನ್-ಬಾಡನ್ನಿನಿಂದ ಫ್ರಾಯ್ಡನ್‌ಸ್ಟಾಟ್‌ಗೆ ಹೋಗುವ ಬ್ಲ್ಯಾಕ್ ಫಾರೆಸ್ಟ್ ರಸ್ತೆಯಲ್ಲಿ ಓಡಿಸಿದೆ. ಹಳೆಯದು 3.8 ಲೀಟರ್, 400 ಅಶ್ವಶಕ್ತಿ, ಆದರೆ ಅಷ್ಟೂ ಸಿಗುವುದು 7,400 ಆರ್‌ಪಿಎಂನಲ್ಲಿ. ಹೊಸದು 3 ಲೀಟರ್, ಎರಡು ಟರ್ಬೊ, 420 ಅಶ್ವಶಕ್ತಿ. ಈ 20ರ ವ್ಯತ್ಯಾಸ ಏನೂ ಅಲ್ಲ. ಟಾರ್ಕ್, ಅಂದರೆ ಇಂಜಿನ್ನಿನ ತಿರುಗಿಸುವ ಬಲ, ನೋಡಬೇಕು. ಹಳೆಯದರಲ್ಲಿ 440 ನ್ಯೂಟನ್ ಮೀಟರ್, ಅದೂ 5,600ಕ್ಕೆ ಹತ್ತಿದ ಮೇಲೆ. ಹೊಸದರಲ್ಲಿ 500, ಬರೀ 1,700ಕ್ಕೇ ಪೂರ್ತಿ ಬಂದು 5 ಸಾವಿರದವರೆಗೂ ಅಲ್ಲಾಡದೆ ನಿಲ್ಲುತ್ತೆ.

ಹೊಸದು ವೇಗ. ಅದರಲ್ಲಿ ಎರಡು ಮಾತಿಲ್ಲ. ಯಾವ ಗೇರಿನಲ್ಲಿದ್ದರೂ ಎಳೆತ ಇದೆ, ಲ್ಯಾಗ್ ಹುಡುಕಿದರೂ ಸಿಗಲ್ಲ. ಆದರೆ ಒಂದು ಗಂಟೆ ಆದ ಮೇಲೆ ಗಮನಿಸಿದೆ, ನಾನು ಗೇರ್ ಬದಲಾಯಿಸುವುದನ್ನೇ ಬಿಟ್ಟಿದ್ದೆ. ಮೇಲಿನ ಆರ್‌ಪಿಎಂಗೆ ಹೋಗೋಕೆ ಕಾರಣವೇ ಇರಲಿಲ್ಲ. ಕೊಡೋದನ್ನೆಲ್ಲ ಕೆಳಗೇ ಕೊಟ್ಟುಬಿಟ್ಟಿತ್ತು. ಹಳೆಯದರಲ್ಲಿ ಪ್ರತಿ ಏರಿನಲ್ಲೂ ಆಸೆಯಿಂದ ಆರು, ಏಳು ಸಾವಿರದವರೆಗೆ ಹತ್ತುತ್ತಿದ್ದೆ. ಅಲ್ಲಿ ಏನೋ ಕಾದಿದೆ ಅಂತ ಗೊತ್ತಿತ್ತು, ದುಡಿದರೆ ಮಾತ್ರ ಸಿಗುತ್ತೆ ಅಂತಲೂ ಗೊತ್ತಿತ್ತು. ಕಾರು ಪ್ರಿಯರ ಬೇಜಾರಿನ ಬೇರು ಇರೋದು ಇಲ್ಲೇ. ನಮ್ಮ ಕಾಲಿಗೂ ಇಂಜಿನ್ನಿಗೂ ನಡುವೆ ಒಂದು ಲೆಕ್ಕ ಇತ್ತು, ಕೇಳಿದಷ್ಟು ಕೊಡುವ ಲೆಕ್ಕ. ಈಗ ಅದನ್ನು ಮಾಡೋದು ಒಂದು ಕಂಪ್ಯೂಟರ್. ಕಾಲು ಎಷ್ಟು ತುಳಿದರೆ ಎಷ್ಟು ಟಾರ್ಕ್ ಬಿಡಬೇಕು ಅಂತ ಆ ಕಂಪ್ಯೂಟರಿಗೆ ಹೇಳಿಕೊಡುವ ಕೆಲಸವನ್ನು ನಾನೇ ಮಾಡುತ್ತೇನೆ. ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಎಷ್ಟು ಚೆನ್ನಾಗಿ ಹೇಳಿಕೊಟ್ಟರೂ ಅದು ನಾವು ಬರೆದಿಟ್ಟ ಉತ್ತರ. ಹಳೇ ಇಂಜಿನ್ ತಾನೇ ಮಾತಾಡುತ್ತಿತ್ತು.

ಇನ್ನು ಶಬ್ದ. ಹೊಗೆ ಹೊರಗೆ ಹೋಗುವ ದಾರಿಯಲ್ಲೇ ಒಂದು ಚಕ್ರ ಕೂತಿರುವುದರಿಂದ ಪ್ರತಿ ಸಿಲಿಂಡರಿನ ಏಟು ಅಲ್ಲೇ ಮೆತ್ತಗಾಗುತ್ತೆ. ಭಾನುವಾರ ಬ್ಲ್ಯಾಕ್ ಫಾರೆಸ್ಟಿನ ಮುಮ್ಮೆಲ್‌ಜೀ ಕೆರೆ ಹತ್ತಿರ ಕಾಫಿ ಹಿಡಿದು ನಿಂತರೆ ಟರ್ಬೊ ಇಲ್ಲದ ಗಾಡಿ ಬರುವುದು ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ಗೊತ್ತಾಗುತ್ತಿತ್ತು. ಮರಗಳ ಆಚೆ ಗೇರ್ ಇಳಿಸಿದ್ದು, ಮತ್ತೆ ಎಳೆದದ್ದು, ಎಲ್ಲ ಕೇಳಿಸುತ್ತಿತ್ತು. ಟರ್ಬೊ ಗಾಡಿಯದ್ದು ಒಂದೇ ಸಮನೆ ಗುಂಯ್ ಅನ್ನುವ ಶಬ್ದ. 2011ರ ಬಿಎಂಡಬ್ಲ್ಯು ಎಂ5ನಲ್ಲಿ ಇಂಜಿನ್ ಶಬ್ದವನ್ನು ಸ್ಪೀಕರಿನಿಂದ ಹೊರಡಿಸಲು ಶುರು ಮಾಡಿದರು. ನನಗೆ ಅದು ಇವತ್ತಿಗೂ ನೋವಿನ ವಿಷಯ. ಶಬ್ದ ಸಾಲದು ಅಂತ ಕಂಪನಿಗೇ ಗೊತ್ತಿತ್ತು ಅಂತಾಯಿತಲ್ವಾ?

ಹಾಗಾದರೆ ಯಾಕೆ ಬದಲಾಯಿಸಿದರು? ಕಾನೂನು. ಯುರೋಪಿನಲ್ಲಿ ಒಂದು ಕಂಪನಿ ಮಾರುವ ಕಾರುಗಳ ಸರಾಸರಿ ಇಂಗಾಲದ ಡೈ ಆಕ್ಸೈಡ್ 2015ಕ್ಕೆ ಕಿ.ಮೀ.ಗೆ 130 ಗ್ರಾಂ, ಆಮೇಲೆ 95 ಗ್ರಾಂ ಅಂತ ಗುರಿ ಇಟ್ಟರು. ಅದನ್ನು ಅಳೆಯುತ್ತಿದ್ದ ಹಳೇ ಪರೀಕ್ಷೆ ಬಹಳ ಮೆತ್ತಗಿನದು. ರೋಲರ್ ಮೇಲೆ ಸುಮಾರು 20 ನಿಮಿಷ, 11 ಕಿ.ಮೀ. ಸೊನ್ನೆಯಿಂದ 50ಕ್ಕೆ ಹೋಗಲು ಒಂದು ಕಡೆ 26 ಸೆಕೆಂಡ್. ನಮ್ಮ ಸಿಟಿ ಬಸ್ಸೂ ಅದಕ್ಕಿಂತ ಚುರುಕು. ಅಷ್ಟು ನಿಧಾನ ಓಡಿಸಿದರೆ ಟರ್ಬೊ ಎಚ್ಚರವೇ ಆಗುವುದಿಲ್ಲ, ಚಿಕ್ಕ ಇಂಜಿನ್ ಚಿಕ್ಕ ಇಂಜಿನ್ನಿನ ಹಾಗೇ ಪೆಟ್ರೋಲ್ ಕುಡಿಯುತ್ತೆ. ಪರೀಕ್ಷೆ ಪಾಸ್. ಆದರೆ ಜೋರಾಗಿ ಓಡಿಸಿದರೆ ಕತೆ ಬೇರೆ. ಹೊಗೆಯ ಶಾಖದಿಂದ ಟರ್ಬೊ ಕರಗಬಾರದು ಅಂತ ನಾವು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಬಿಡುತ್ತೇವೆ, ಸುಡೋಕೆ ಅಲ್ಲ, ತಂಪು ಮಾಡೋಕೆ. ಮೈಲೇಜ್ ಚೆನ್ನಾಗಿದೆ ಅಂತ ನೀವು ಕೇಳಿದ್ದು ಮೆಲ್ಲಗೆ ಓಡಿಸುವವರಿಗೆ ಮಾತ್ರ ಪೂರ್ತಿ ನಿಜ. 2017ರಿಂದ ಯುರೋಪಿನಲ್ಲಿ ಪರೀಕ್ಷೆ ಗಟ್ಟಿಯಾಗಿದೆ, ಅಷ್ಟರಲ್ಲಿ ಹಳೇ ಇಂಜಿನ್‌ಗಳು ಹೋಗಿಯಾಗಿತ್ತು.

ಜನರ ಮಾತಿಗೆ ಬೆಲೆ ಸಿಕ್ಕ ಒಂದು ಸಂದರ್ಭವೂ ಇದೆ. 2016ರಲ್ಲಿ ಪೋರ್ಷೆ ತನ್ನ ಚಿಕ್ಕ ಕಾರುಗಳಾದ ಬಾಕ್ಸ್‌ಸ್ಟರ್, ಕೇಮನ್‌ಗಳ ಆರು ಸಿಲಿಂಡರ್ ತೆಗೆದು ನಾಲ್ಕು ಸಿಲಿಂಡರಿನ ಟರ್ಬೊ ಹಾಕಿತು. ಶಬ್ದದ ಬಗ್ಗೆ ಎಷ್ಟು ದೂರು ಬಂತೆಂದರೆ ಹೇಳತೀರದು. 2020ರ ಹೊತ್ತಿಗೆ ಅದೇ ಕಾರಿನ ಜಿಟಿಎಸ್ ಮಾದರಿಗೆ ಟರ್ಬೊ ಇಲ್ಲದ 4 ಲೀಟರಿನ ಆರು ಸಿಲಿಂಡರ್ ವಾಪಸ್ ಬಂತು, 400 ಅಶ್ವಶಕ್ತಿ. ಆ ಸುದ್ದಿ ಬಂದ ದಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಹಬ್ಬದ ವಾತಾವರಣ.

ಟರ್ಬೊಗೆ ಸಲ್ಲಬೇಕಾದ್ದನ್ನೂ ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು 10 ಪರ್ಸೆಂಟ್ ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಸಿಕ್ಕ ಗಾಳಿಯನ್ನೇ ಎಳೆದುಕೊಳ್ಳಬೇಕು, ಹಾಗಾಗಿ ಹೆಚ್ಚುಕಡಿಮೆ ಅಷ್ಟೇ ಪವರ್ ಕಳೆದುಕೊಳ್ಳುತ್ತೆ. ಟರ್ಬೊ ತಾನೇ ಗಾಳಿ ಒತ್ತುವುದರಿಂದ ಆ ಕೊರತೆ ತುಂಬಿಕೊಡುತ್ತೆ. ಜೊತೆಗೆ ನಮ್ಮಲ್ಲಿ 4 ಮೀಟರಿಗಿಂತ ಗಿಡ್ಡ ಇರುವ, 1.2 ಲೀಟರ್ ಒಳಗಿನ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ. ಆ ಮಿತಿಯೊಳಗೆ ಒಳ್ಳೆ ಪಿಕಪ್ ಬೇಕೆಂದರೆ ಟರ್ಬೊ ಬಿಟ್ಟರೆ ಬೇರೆ ದಾರಿಯಿಲ್ಲ. ನಾನೂ ವಾಪಸ್ ಬಂದ ಮೇಲೆ 1 ಲೀಟರಿನ ಮೂರು ಸಿಲಿಂಡರ್ ಟರ್ಬೊ ತಗೊಂಡೆ. ಹಾಸನದವರೆಗೆ ಓವರ್‌ಟೇಕ್ ಮಾಡೋಕೆ ಒಂದು ಕ್ಷಣ ಯೋಚನೆ ಮಾಡಬೇಕಿಲ್ಲ. ದಿನಾ ಓಡಿಸೋಕೆ ನನಗೆ ಇದೇ ಇಷ್ಟ.

ಹೋದ ವರ್ಷ ಮಾವನನ್ನು ಕೂರಿಸಿಕೊಂಡು ಅದೇ ಚಾರ್ಮಾಡಿ ಹತ್ತಿದೆ. ಈಗ ಅವರಿಗೆ ಎಪ್ಪತ್ತು ದಾಟಿದೆ. ಅಭ್ಯಾಸದಂತೆ ಅವರೇ ಕಿಟಕಿ ಇಳಿಸಿದರು. ಬಿಗಿ ತಿರುವುಗಳನ್ನು ಬಿಟ್ಟರೆ ಮೂರನೇ ಗೇರಿನಲ್ಲೇ ಇಡೀ ಘಾಟಿ ಮುಗಿಯಿತು. ಎಲ್ಲೂ ಉಸಿರು ಕಟ್ಟಲಿಲ್ಲ. ಮೇಲೆ ಬಂದ ಮೇಲೆ ಮಾವ ಡ್ಯಾಶ್‌ಬೋರ್ಡ್ ಮೇಲೆ ಕೈಯಿಟ್ಟು, "ಗಾಡಿ ಬಹಳ ಚೆನ್ನಾಗಿದೆ ಕಣೋ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನಿಂಗೆ ಕೆಲಸಾನೇ ಇರ್ಲಿಲ್ವಲ್ಲ," ಅಂದರು. ನಾನು ಇಷ್ಟುದ್ದ ಬರೆದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ನಿಮ್ಮ ಎರಡನೇ ಪ್ರಶ್ನೆಗೆ: ಮೊದಲ ಕಾರಿಗೆ ಟರ್ಬೊ ಪೆಟ್ರೋಲ್ ಧೈರ್ಯವಾಗಿ ತಗೊಳ್ಳಿ. ಆದರೆ ಅದಕ್ಕೆ ಮುಂಚೆ ಯಾರದ್ದಾದರೂ ಹಳೇ ವಿಟೆಕ್ ಸಿಕ್ಕರೆ ಒಂದು ಸಲ ಘಾಟಿಯಲ್ಲಿ ಓಡಿಸಿ ನೋಡಿ. ಕಂಪನಿ ಹೇಳಿದ ಆಯಿಲನ್ನೇ ಹಾಕಿಸಿ, ಸರ್ವೀಸ್ ಮುಂದೂಡಬೇಡಿ. ಇನ್ನೊಂದು ವಿಷಯ. ಬೆಂಗಳೂರಿನಲ್ಲಿದ್ದಾಗ ರಾತ್ರಿ ಪಾಳಿಯಲ್ಲಿ ಟೆಸ್ಟ್ ಸೆಲ್ಲಿನ (ಇಂಜಿನ್ ಪರೀಕ್ಷಿಸುವ ಕೋಣೆ) ದೀಪ ಆರಿಸಿ ದಪ್ಪ ಗಾಜಿನಾಚೆ ನೋಡುತ್ತಿದ್ದೆವು. ಪೂರ್ತಿ ಲೋಡಿನಲ್ಲಿ ಟರ್ಬೊದ ಹೊರಕವಚ ಕುಲುಮೆಯಿಂದ ಈಗಷ್ಟೇ ತೆಗೆದ ಕಬ್ಬಿಣದ ಹಾಗೆ ಕೆಂಪಗೆ ಬೆಳಗುತ್ತಿತ್ತು. ಒಳಗಿನ ಶಾಫ್ಟ್ ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುತ್ತಿರುತ್ತೆ, ಅದನ್ನು ಕಾಯೋದು ತೆಳ್ಳಗಿನ ಆಯಿಲ್ ಪದರ. ಆ ಕೆಂಪು ಆರೋಕೆ ಎಷ್ಟು ಹೊತ್ತು ಬೇಕು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಘಾಟಿ ಜೋರಾಗಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದರೆ ತಕ್ಷಣ ಕೀ ತಿರುಗಿಸಿ ಆಫ್ ಮಾಡಬೇಡಿ. ಒಂದೆರಡು ನಿಮಿಷ ಇಂಜಿನ್ ಹಾಗೇ ಓಡಲಿ, ಆಮೇಲೆ ಇಳಿಯಿರಿ.