ಪ್ರಾಥಮಿಕ ಡಿಕ್ರಿಯ ಮೇಲೆ ಈಗಲೇ ಅಪೀಲು ಹಾಕಬೇಕೇ, ಅಂತಿಮ ಡಿಕ್ರಿ ತನಕ ಕಾಯಬಹುದೇ?

ಕಾಯಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿಕೊಳ್ಳಿ, ಆದರೆ ತೀರ್ಪಿನ ದೃಢೀಕೃತ ನಕಲಿಗೆ ಇನ್ನೂ ಅರ್ಜಿ ಹಾಕಿಲ್ಲವಾದರೆ ನಾಳೆ ಕೋರ್ಟು ತೆರೆದ ಕೂಡಲೇ ನಿಮ್ಮ ವಕೀಲರಿಗೆ ಹೇಳಿ ಹಾಕಿಸಿ.

ನೀವು ಬರೆದದ್ದು ನನಗೆ ಅರ್ಥವಾದದ್ದು ಹೀಗೆ: ಅಣ್ಣನ ಮೇಲೆ ಪಾಲಿಗಾಗಿ ದಾವೆ ಹೂಡಿದ್ದೀರಿ. ಹಳೇ ಮನೆಯಲ್ಲೂ ಜಮೀನಿನಲ್ಲೂ ನಿಮಗೆ ಅರ್ಧ ಪಾಲು ಎಂದು ಕೋರ್ಟು ಒಪ್ಪಿದೆ. ಸೈಟು ಮಾತ್ರ ಅಣ್ಣನ ಸ್ವಯಾರ್ಜಿತ, ಅದರಲ್ಲಿ ಪಾಲಿಲ್ಲ ಎಂದಿದೆ. ಪಾಲು ಯಾವುದರಲ್ಲಿ, ಎಷ್ಟು ಎಂದು ಹೇಳುವ ಈ ತೀರ್ಪು, ಅಂದರೆ ಪ್ರಾಥಮಿಕ ಡಿಕ್ರಿ, ಬಂದು ಮೂರು ವಾರವಾಯಿತು. ಆ ಪಾಲನ್ನು ನೆಲದ ಮೇಲೆ ಹಂಚಿಕೊಡುವ ಅಂತಿಮ ಡಿಕ್ರಿ ಬಾಕಿ ಇದೆ. ಈಗ ಆಗಿರುವುದು ಅರ್ಧ ತೀರ್ಪು, ಅದರ ಮೇಲೆ ಅಪೀಲು ಬರುವುದಿಲ್ಲ, ಎಲ್ಲ ಮುಗಿದ ಮೇಲೆ ಒಟ್ಟಿಗೆ ಹಾಕಿದರಾಯಿತು ಎಂದು ಸ್ನೇಹಿತರು ಇಂಟರ್ನೆಟ್‌ನಲ್ಲಿ ಓದಿ ಹೇಳಿದ್ದಾರೆ.

ಅವರು ಓದಿದ್ದು ಅಮೆರಿಕದ ಕಾನೂನು ಇರಬೇಕು. ಅಲ್ಲಿನ ಫೆಡರಲ್ ಕೋರ್ಟುಗಳಲ್ಲಿ ಒಂದೇ ದಾವೆಯ ಹಲವು ಬೇಡಿಕೆಗಳಲ್ಲಿ ಕೆಲವು ಮಾತ್ರ ತೀರ್ಮಾನವಾದರೆ ಸಾಮಾನ್ಯವಾಗಿ ಕಾಯಲೇಬೇಕು. ತಡಮಾಡಲು ನ್ಯಾಯವಾದ ಕಾರಣವಿಲ್ಲ ಎಂದು ನ್ಯಾಯಾಧೀಶರೇ ಸ್ಪಷ್ಟವಾಗಿ ದಾಖಲಿಸಿ, ಆ ಭಾಗಕ್ಕೆ ಅಂತಿಮ ತೀರ್ಪು ನಮೂದಿಸಿದರಷ್ಟೇ ಅಪೀಲಿನ ದಾರಿ ತೆರೆಯುತ್ತದೆ. ಅಲ್ಲಿನ ಸಿವಿಲ್ ಪ್ರಕ್ರಿಯಾ ನಿಯಮ 54(ಬಿ) ಹೇಳುವುದು ಅದನ್ನೇ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) ಈ ವಿಷಯದಲ್ಲಿ ಪೂರ್ತಿ ಉಲ್ಟಾ. ಅಲ್ಲಿ ಅವಸರ ಮಾಡಿದವರ ಅಪೀಲು ವಾಪಸು ಬರುತ್ತದೆ, ಇಲ್ಲಿ ಕಾದವರ ಹಕ್ಕೇ ಹೋಗುತ್ತದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 2(2) ತೆಗೆದು ನೋಡಿ. ದಾವೆಯಲ್ಲಿ ವಿವಾದವಿರುವ ಎಲ್ಲ ವಿಷಯಗಳ ಬಗ್ಗೆಯಾಗಲಿ, ಅವುಗಳಲ್ಲಿ ಯಾವುದೇ ಒಂದರ ಬಗ್ಗೆಯಾಗಲಿ, ಆ ಕೋರ್ಟಿನ ಮಟ್ಟಿಗೆ ಪಕ್ಷಗಾರರ ಹಕ್ಕನ್ನು ಕೊನೆಯದಾಗಿ ತೀರ್ಮಾನಿಸಿದರೆ ಅದು ಡಿಕ್ರಿ. 'ಯಾವುದೇ ಒಂದರ' ಎಂಬಲ್ಲೇ ನಿಮ್ಮ ಉತ್ತರವಿದೆ. ಡಿಕ್ರಿ ಪ್ರಾಥಮಿಕವಾಗಿರಬಹುದು, ಅಂತಿಮವಾಗಿರಬಹುದು, ಒಂದೇ ಡಿಕ್ರಿ ಭಾಗಶಃ ಅದೂ ಭಾಗಶಃ ಇದೂ ಆಗಿರಬಹುದು ಎಂದು ಅದೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ. ಮೂಲ ದಾವೆಯ ಡಿಕ್ರಿ ಯಾವುದೇ ಇರಲಿ, ಸೆಕ್ಷನ್ 96ರಡಿ ಮೊದಲ ಅಪೀಲು ಉಂಟು. ರಾಜಿ ಡಿಕ್ರಿಗೆ ಅದು ಇಲ್ಲ, ಇನ್ನೊಂದೆರಡು ಸಣ್ಣ ಅಪವಾದಗಳಿವೆ, ನಿಮಗೆ ಅವು ಬೇಡ.

ಅಪೀಲು ಹಾಕಬಹುದು ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ. ಸೆಕ್ಷನ್ 97 ಇನ್ನೂ ಬಿಗಿಯಾಗಿದೆ: ಪ್ರಾಥಮಿಕ ಡಿಕ್ರಿಯಿಂದ ನೊಂದವರು ಅದರ ಮೇಲೆ ಅಪೀಲು ಹಾಕದೆ ಬಿಟ್ಟರೆ, ಮುಂದೆ ಅಂತಿಮ ಡಿಕ್ರಿಯ ಮೇಲಿನ ಅಪೀಲಿನಲ್ಲಿ ಆ ಪ್ರಾಥಮಿಕ ಡಿಕ್ರಿ ತಪ್ಪು ಎಂದು ವಾದಿಸುವಂತಿಲ್ಲ. ಅಂತಿಮ ಡಿಕ್ರಿಯ ಅಪೀಲಿನಲ್ಲಿ ನೀವು ತಗಾದೆ ತೆಗೆಯಬಹುದಾದದ್ದು ಹಂಚಿಕೆಯ ರೀತಿಯ ಬಗ್ಗೆ ಮಾತ್ರ. ರಸ್ತೆಗೆ ತಾಗಿದ ಭಾಗ ಯಾರಿಗೆ ಹೋಯಿತು, ಬಾವಿ ಯಾರ ಪಾಲಿಗೆ ಬಂತು, ಕೋರ್ಟು ನೇಮಿಸಿದ ಕಮಿಷನರು ಅಳತೆ ಸರಿ ಮಾಡಿದರೇ, ಹೆಚ್ಚು ಬೆಲೆಯ ತುಂಡು ಪಡೆದವರು ಇನ್ನೊಬ್ಬರಿಗೆ ಎಷ್ಟು ಹಣ ತುಂಬಿಕೊಡಬೇಕು, ಇಂಥವು. ಪಾಲು ಎಷ್ಟು, ಯಾವ ಆಸ್ತಿಯಲ್ಲಿ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ನಿಮ್ಮ ಸೈಟಿನ ಸ್ಥಿತಿಯಂತೂ ಇನ್ನೂ ನಾಜೂಕು. ಅದರ ಮಟ್ಟಿಗೆ ದಾವೆ ವಜಾ ಆಗಿದೆ, ಆದ್ದರಿಂದ ಅಂತಿಮ ಡಿಕ್ರಿಯ ಕಾಗದಗಳಲ್ಲಿ ಅದರ ಹೆಸರೇ ಬರುವುದಿಲ್ಲ. ಯಾವುದಕ್ಕಾಗಿ ಕಾಯುತ್ತೀರಿ?

ಎಷ್ಟೋ ಕಕ್ಷಿದಾರರು ಇಲ್ಲೇ ಎಡವುವುದನ್ನು ಸಿವಿಲ್ ಕಡೆ ವಕೀಲಿ ಮಾಡುವ ನಾನು ನೋಡುತ್ತಲೇ ಇರುತ್ತೇನೆ. 'ಪ್ರಾಥಮಿಕ' ಎಂದ ಕೂಡಲೇ ಅದೊಂದು ಕರಡು, ಮುಂದೆ ತಿದ್ದಬಹುದು ಎಂದುಕೊಳ್ಳುತ್ತಾರೆ. ಪಾಲಿನ ದಾವೆಯಲ್ಲಿ ನಿಜವಾದ ಜಗಳವೆಲ್ಲ ತೀರುವುದು ಪ್ರಾಥಮಿಕ ಡಿಕ್ರಿಯಲ್ಲೇ. ನಂತರದ್ದು, ನಾವು ಎಫ್‌ಡಿಪಿ (ಅಂತಿಮ ಡಿಕ್ರಿ ಪ್ರಕ್ರಿಯೆ) ಎನ್ನುವುದು, ಆಗಲೇ ತೀರ್ಮಾನವಾದದ್ದನ್ನು ನೆಲದ ಮೇಲೆ ಗೆರೆ ಎಳೆದು ತೋರಿಸುವ ಕೆಲಸ. ಕಂದಾಯ ಕಟ್ಟುವ ಜಮೀನಾದರೆ, ಕರ್ನಾಟಕದಲ್ಲಿ ತಿದ್ದುಪಡಿಯಾದ ಸೆಕ್ಷನ್ 54ರಡಿ ಕೋರ್ಟೇ ಅದನ್ನು ಹಂಚುತ್ತದೆ, ಬೇಕಾದರೆ ಕಂದಾಯ ಅಧಿಕಾರಿಯ ವರದಿ ತರಿಸಿಕೊಳ್ಳುತ್ತದೆ. ಮನೆ, ಸೈಟು ಆದರೆ ಕೋರ್ಟ್ ಕಮಿಷನರು ಬಂದು ನೋಡಿ ವರದಿ ಕೊಡುತ್ತಾರೆ.

ಇನ್ನು ಅವಧಿ. ಅಪೀಲು ಜಿಲ್ಲಾ ಮಟ್ಟದ ಅಥವಾ ಅದಕ್ಕಿಂತ ಕೆಳಗಿನ ಕೋರ್ಟಿಗೆ ಹೋಗುವುದಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. 1963ರ ಕಾಲಮಿತಿ ಕಾಯ್ದೆಯ 116ನೇ ವಿಧಿ ಇದು. ಯಾವ ಕೋರ್ಟು ಎನ್ನುವುದು ತೀರ್ಪು ಕೊಟ್ಟ ನ್ಯಾಯಾಧೀಶರ ದರ್ಜೆ ಮತ್ತು ದಾವೆಯ ಮೌಲ್ಯದ ಮೇಲೆ ಹೋಗುತ್ತದೆ, ನಿಮ್ಮ ವಕೀಲರು ದಾವಾಪತ್ರ ನೋಡಿ ಒಂದೇ ನಿಮಿಷದಲ್ಲಿ ಹೇಳುತ್ತಾರೆ. 30 ದಿನದ್ದಾದರೆ ನಿಮಗೆ ಉಳಿದಿರುವುದು ಒಂದು ವಾರ ಚಿಲ್ಲರೆ.

ದಿನ ಎಣಿಸುವಾಗ ಒಂದು ತೊಡಕಿದೆ. ಡಿಕ್ರಿಯನ್ನು ಬರೆದು ಸಹಿ ಮಾಡುವುದು ಕೆಲವು ದಿನ ಕಳೆದ ಮೇಲಾದರೂ ಅದಕ್ಕೆ ಬೀಳುವ ತಾರೀಖು ತೀರ್ಪು ಹೇಳಿದ ದಿನದ್ದೇ. 'ಡಿಕ್ರಿ ಇನ್ನೂ ಡ್ರಾ ಆಗಿಲ್ಲ' ಎಂದು ಕುಳಿತರೆ ಗಡಿಯಾರ ನಿಲ್ಲುವುದಿಲ್ಲ. ನಕಲು ಪಡೆಯಲು ಹಿಡಿದ ಸಮಯವನ್ನು ಕಾಲಮಿತಿಯಿಂದ ಕಳೆಯುತ್ತಾರೆ ನಿಜ, ಆದರೆ ನೀವು ಅರ್ಜಿ ಹಾಕಿದ ದಿನದಿಂದ ಮಾತ್ರ. ಅರ್ಜಿಗೆ ಮುಂಚೆ ಡಿಕ್ರಿ ತಯಾರಿಸಲು ಕೋರ್ಟು ತೆಗೆದುಕೊಂಡ ಸಮಯ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಲಮಿತಿ ಕಾಯ್ದೆಯ ಸೆಕ್ಷನ್ 12ರ ವಿವರಣೆ ಹೇಳುತ್ತದೆ. ಅದಕ್ಕೇ ಮೊದಲ ಸಾಲಲ್ಲೇ ನಕಲು ಅರ್ಜಿಯ ಮಾತೆತ್ತಿದ್ದು. ಈಗಿನ ನಿಯಮದಂತೆ ಡಿಕ್ರಿಯ ನಕಲಿಲ್ಲದೆ ತೀರ್ಪಿನ ನಕಲಿನ ಮೇಲೇ ಅಪೀಲು ಹಾಕಬಹುದು. ತಡವಾದರೆ ಅದೇ ಕಾಲಮಿತಿ ಕಾಯ್ದೆಯ ಸೆಕ್ಷನ್ 5ರಡಿ ವಿಳಂಬ ಮನ್ನಾ ಅರ್ಜಿ ಇದೆ, ಆದರೆ ಸಾಕಷ್ಟು ಕಾರಣ ತೋರಿಸಬೇಕು. 'ಅಂತಿಮ ಡಿಕ್ರಿಗೆ ಕಾಯುತ್ತಿದ್ದೆ' ಎಂಬುದನ್ನು ಕಾರಣ ಎಂದು ಕೋರ್ಟು ಒಪ್ಪುತ್ತದೆ ಎಂಬ ಭರವಸೆ ನನಗಿಲ್ಲ, ಸೆಕ್ಷನ್ 97 ಅಷ್ಟು ಸ್ಪಷ್ಟವಾಗಿರುವಾಗ.

ಹಾಗಾದರೆ ಕಾಯಬಹುದಾದದ್ದು ಯಾವುದೂ ಇಲ್ಲವೇ ಎಂದರೆ, ಇದೆ. ಸ್ನೇಹಿತರ ಗೊಂದಲದ ಇನ್ನೊಂದು ಮೂಲ ಇದೇ ಇರಬಹುದು. ದಾವೆ ನಡೆಯುವಾಗ ಐಎಗಳ (ನಡುವೆ ಹಾಕುವ ಮಧ್ಯಂತರ ಅರ್ಜಿಗಳ) ಮೇಲೆ ಹತ್ತಾರು ಆದೇಶಗಳು ಬರುತ್ತವೆ: ದಾವಾಪತ್ರ ತಿದ್ದುಪಡಿಗೆ ಅನುಮತಿ ಸಿಗಲಿಲ್ಲ, ಒಂದು ದಾಖಲೆಯನ್ನು ಸಾಕ್ಷ್ಯವಾಗಿ ಗುರುತಿಸಲು ಬಿಡಲಿಲ್ಲ, ಸಾಕ್ಷಿಯನ್ನು ಮತ್ತೆ ಕರೆಸಲಿಲ್ಲ. ಇವು ಡಿಕ್ರಿಯಲ್ಲ, ಹಕ್ಕನ್ನು ತೀರ್ಮಾನಿಸುವುದಿಲ್ಲ. ಇವುಗಳ ಮೇಲೆ ಪ್ರತ್ಯೇಕ ಅಪೀಲು ಇಲ್ಲ. ಆದರೆ ಅಪೀಲು ಹಾಕಲಿಲ್ಲ ಎಂದು ನೀವು ಕಳೆದುಕೊಳ್ಳುವುದೂ ಇಲ್ಲ. ಕೊನೆಗೆ ಡಿಕ್ರಿಯ ಮೇಲೆ ಅಪೀಲು ಹಾಕುವಾಗ, ಆ ಆದೇಶ ತಪ್ಪಾಗಿತ್ತು, ಅದರಿಂದ ತೀರ್ಪಿನ ಮೇಲೆ ಪರಿಣಾಮವಾಯಿತು ಎಂದು ಸೆಕ್ಷನ್ 105ರಡಿ ಎತ್ತಬಹುದು. 97 ಮತ್ತು 105 ಈ ಎರಡನ್ನು ಅಕ್ಕಪಕ್ಕ ಇಟ್ಟು ಓದಿದರೆ ವಿಷಯ ತಿಳಿಯಾಗುತ್ತದೆ: ಬರೀ ಆದೇಶವಾದರೆ ಡಿಕ್ರಿ ತನಕ ಕಾಯಬಹುದು, ಪ್ರಾಥಮಿಕ ಡಿಕ್ರಿಯಾದರೆ ಕಾಯುವಂತಿಲ್ಲ.

ಎರಡರ ನಡುವೆ ಇನ್ನೊಂದು ಗುಂಪಿದೆ. ತಾತ್ಕಾಲಿಕ ಇಂಜಂಕ್ಷನ್ ಕೊಟ್ಟದ್ದು ಅಥವಾ ನಿರಾಕರಿಸಿದ್ದು, ಆಸ್ತಿ ನೋಡಿಕೊಳ್ಳಲು ರಿಸೀವರ್ ನೇಮಕ, ಏಕಪಕ್ಷೀಯ ಡಿಕ್ರಿ ರದ್ದು ಮಾಡಲು ಒಪ್ಪದಿದ್ದದ್ದು, ಹೀಗೆ ಸಿಪಿಸಿಯ ಆದೇಶ 43, ನಿಯಮ 1ರಲ್ಲಿ ಪಟ್ಟಿ ಮಾಡಿದವು. ಡಿಕ್ರಿಯಲ್ಲದಿದ್ದರೂ ಇವುಗಳ ಮೇಲೆ ಕೂಡಲೇ ಅಪೀಲು ಉಂಟು, ಆ ಅಪೀಲಿನ ಮೇಲೆ ಮತ್ತೊಂದು ಅಪೀಲು ಇಲ್ಲ. ಪಟ್ಟಿಯಲ್ಲಿಲ್ಲದ ಆದೇಶಕ್ಕೆ ಹೈಕೋರ್ಟಿನಲ್ಲಿ ರಿವಿಷನ್ (ಮರುಪರಿಶೀಲನೆ) ಹಾಕಬಹುದೇ ಎಂದು ಕೇಳುವವರಿದ್ದಾರೆ. 2002ರ ಜುಲೈ 1ರಿಂದ ಆ ಬಾಗಿಲು ತೀರಾ ಕಿರಿದಾಗಿದೆ. ನಿಮ್ಮ ಅರ್ಜಿಯನ್ನು ಒಪ್ಪಿದ್ದರೆ ಇಡೀ ದಾವೆಯೇ ಮುಗಿದುಹೋಗುತ್ತಿತ್ತು ಎಂಬಂಥ ಆದೇಶಕ್ಕಷ್ಟೇ ಈಗ ಸೆಕ್ಷನ್ 115 ಸಿಗುತ್ತದೆ. ಉಳಿದವರು ಕೆಳ ಕೋರ್ಟುಗಳ ಮೇಲೆ ಹೈಕೋರ್ಟಿಗೆ ಮೇಲ್ವಿಚಾರಣೆ ಕೊಡುವ ಸಂವಿಧಾನದ 227ನೇ ವಿಧಿ ಹಿಡಿದು ಹೈಕೋರ್ಟಿಗೆ ಹೋಗುತ್ತಾರೆ, ಅಲ್ಲಿ ಮಧ್ಯಪ್ರವೇಶ ಅಪರೂಪ.

ಆದೇಶ ಯಾವ ಕಡೆಗೆ ಬಂತು ಎನ್ನುವುದರ ಮೇಲೂ ದಾರಿ ಬದಲಾಗುತ್ತದೆ, ಇದು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ಆದೇಶ 7, ನಿಯಮ 11ರಡಿ ದಾವಾಪತ್ರ ತಿರಸ್ಕೃತವಾದರೆ ಅದು ಡಿಕ್ರಿ, ವಾದಿ ಸೆಕ್ಷನ್ 96ರಡಿ ಅಪೀಲು ಹಾಕಬಹುದು. ತಿರಸ್ಕರಿಸಿ ಎಂದು ಕೇಳಿದ ಪ್ರತಿವಾದಿಯ ಅರ್ಜಿ ವಜಾ ಆದರೆ ಡಿಕ್ರಿಯಲ್ಲ, ಆತನಿಗೆ ಅಪೀಲಿಲ್ಲ. ಪ್ರತಿವಾದಿ ಅದೇ ದಾವೆಯಲ್ಲಿ ಹೂಡಿದ ಪ್ರತಿದಾವೆಯನ್ನು ಕೋರ್ಟು ಅರ್ಹತೆಯ ಮೇಲೆ ತೀರ್ಮಾನಿಸಿ ವಜಾ ಮಾಡಿದರೆ ಅದೂ ಡಿಕ್ರಿಯೇ, ಮೂಲ ದಾವೆ ಇನ್ನೂ ನಡೆಯುತ್ತಿದ್ದರೂ ಸರಿ. ಗೈರುಹಾಜರಿಗೆ ವಜಾ ಆದದ್ದು ಮಾತ್ರ ಡಿಕ್ರಿಯಲ್ಲ, ಅಲ್ಲಿ ಅದೇ ಕೋರ್ಟಿನಲ್ಲಿ ದಾವೆ ಮರುಸ್ಥಾಪಿಸಿ ಎಂದು ಕೇಳಬೇಕು.

ಪ್ರಾಥಮಿಕ ಡಿಕ್ರಿ ಆದಮೇಲೂ ಪಾಲು ಬದಲಾದದ್ದನ್ನು ನೋಡಿದ್ದೇವಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ಸುಳ್ಳಲ್ಲ. ಅಂತಿಮ ಡಿಕ್ರಿಗೆ ಮುಂಚೆ ಪಾಲುದಾರರೊಬ್ಬರು ತೀರಿಕೊಂಡರೆ ಅಥವಾ ಕಾನೂನೇ ಬದಲಾದರೆ, ಕೋರ್ಟು ಪಾಲನ್ನು ಮರುಲೆಕ್ಕ ಹಾಕಬಹುದು, ಇನ್ನೊಂದು ಪ್ರಾಥಮಿಕ ಡಿಕ್ರಿಯನ್ನೂ ಮಾಡಬಹುದು. ಸುಪ್ರೀಂ ಕೋರ್ಟು ಇದನ್ನು 1967ರಲ್ಲೇ ಒಪ್ಪಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮ ಹಕ್ಕು ಎಂದ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಎಷ್ಟೋ ಹೆಣ್ಣುಮಕ್ಕಳು ಬಾಕಿ ಇದ್ದ ಎಫ್‌ಡಿಪಿಗಳಲ್ಲೇ ಸಮಪಾಲು ಕೇಳಿದ್ದು ಈ ದಾರಿಯಲ್ಲಿ. ಆದರೆ ಅದಕ್ಕೆ ಡಿಕ್ರಿಯ ನಂತರ ಏನಾದರೂ ಬದಲಾಗಿರಬೇಕು. ಸೈಟು ಕೊಳ್ಳಲು ಕುಟುಂಬದ ಹಣ ಬಳಕೆಯಾಯಿತೋ ಇಲ್ಲವೋ ಎಂಬ ನಿಮ್ಮ ತಕರಾರು ಸಾಕ್ಷ್ಯ ನೋಡಿ ತೀರ್ಮಾನವಾಗಿಬಿಟ್ಟಿದೆ. ಅದನ್ನು ಅಲ್ಲಾಡಿಸಲು ಅಪೀಲು ಒಂದೇ.

ಅಪೀಲನ್ನು ಸೈಟಿನ ಮಟ್ಟಿಗೆ ಸೀಮಿತಗೊಳಿಸಿ ಹಾಕಬಹುದು, ಗೆದ್ದ ಭಾಗವನ್ನು ಮುಟ್ಟಬೇಕಿಲ್ಲ. ಆದರೂ ಒಂದು ಅಪಾಯ ತಿಳಿದಿರಲಿ: ನಿಮ್ಮ ಅಪೀಲಿನ ನೋಟಿಸು ತಲುಪಿದ ಒಂದು ತಿಂಗಳೊಳಗೆ ಅಣ್ಣ ಆದೇಶ 41, ನಿಯಮ 22ರಡಿ ಅಡ್ಡ ಆಕ್ಷೇಪಣೆ ಸಲ್ಲಿಸಿ, ಮನೆ-ಜಮೀನಿನಲ್ಲಿ ನಿಮಗೆ ಕೊಟ್ಟ ಪಾಲನ್ನೂ ಪ್ರಶ್ನಿಸಬಹುದು. ಸುಮ್ಮನಿದ್ದವರನ್ನು ಎಬ್ಬಿಸಿದಂತೆ ಆಗುತ್ತದೆಯೇ ಎಂದು ವಕೀಲರ ಜೊತೆ ಕೂತು ತೂಗಿ ನೋಡಿ. ಗೆದ್ದ ಭಾಗದ ಸಾಕ್ಷ್ಯ ಗಟ್ಟಿಯಿದ್ದರೆ ನಾನಾದರೆ ಇದಕ್ಕೆ ಹೆದರುವುದಿಲ್ಲ.

ಅಪೀಲು ಹಾಕಿದರೆ ಎಫ್‌ಡಿಪಿ ನಿಂತುಹೋಗುತ್ತದೆಯೇ ಎಂದೂ ಕೇಳಿದ್ದೀರಿ. ತಾನಾಗಿ ನಿಲ್ಲುವುದಿಲ್ಲ, ಅಪೀಲು ಕೋರ್ಟು ತಡೆ ಕೊಟ್ಟರೆ ಮಾತ್ರ. ನಿಮಗೆ ತಡೆ ಬೇಕಿಲ್ಲವಲ್ಲ, ಮನೆ-ಜಮೀನಿನ ಹಂಚಿಕೆ ಮುಂದುವರಿಯಲಿ. ಈ ನಡುವೆ ಅಂತಿಮ ಡಿಕ್ರಿಯೇ ಆಗಿಬಿಟ್ಟರೂ ಪ್ರಾಥಮಿಕ ಡಿಕ್ರಿಯ ಮೇಲಿನ ನಿಮ್ಮ ಅಪೀಲು ವ್ಯರ್ಥವಾಗುವುದಿಲ್ಲ. ನೀವು ಅಪೀಲಿನ ಜೊತೆಗೇ ಕೇಳಬೇಕಾದದ್ದು ಬೇರೆ: ಸೈಟನ್ನು ಅಣ್ಣ ಯಾರಿಗೂ ಮಾರದಂತೆ, ಅಡವಿಡದಂತೆ ತಾತ್ಕಾಲಿಕ ಇಂಜಂಕ್ಷನ್. ಅಪೀಲು ನಡೆಯುವಾಗ ಕೊಂಡವರೂ ಕೊನೆಯ ತೀರ್ಪಿಗೆ ಬದ್ಧರೇ, ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 52 ಇದೆ. ಆದರೂ ಸೈಟಿನ ಮೇಲೆ ಮೂರನೆಯವರು ಮನೆ ಕಟ್ಟಿ ಕೂತಮೇಲೆ ಅವರನ್ನು ಎಬ್ಬಿಸುವುದು ಇನ್ನೊಂದು ಸುತ್ತಿನ ಕೋರ್ಟು ಅಲೆದಾಟ. ಆ ಐಎಯನ್ನು ಮೊದಲ ದಿನವೇ ಹಾಕಿಸಿ.